ನಂದಿಬಟ್ಟಲು ಗಿಡದ ಕೊಂಬಿನ ಹುಳ ಯಾವುದು? ಹುಳ, ಪತಂಗ ಗುರುತು ಹಿಡಿಯೋದು ಹೇಗೆ?

ಪ್ರಶ್ನೆ: ನಮ್ಮನೆ ತೀರ್ಥಹಳ್ಳಿ ಹತ್ರ. ಅಂಗಳದ ನಂದಿಬಟ್ಟಲು ಗಿಡದಲ್ಲಿ ಹೆಬ್ಬೆರಳು ದಪ್ಪದ ಹಸಿರು ಹುಳ ಸಿಕ್ತು, ತಲೆ ಹತ್ರ ಎರಡು ನೀಲಿ ಕಣ್ಣು, ಹಿಂದೆ ಒಂದು ಕೊಂಬು. ಎರಡು ದಿನ ಬಿಟ್ಟು ಅದೇ ಗಾತ್ರದ ಕಂದು ಹುಳ ಮೆಟ್ಟಿಲ ಹತ್ರ ಓಡಾಡ್ತಿತ್ತು. ಫೋಟೋ ತೆಗೆದು ಆ್ಯಪ್‌ಗೆ ಹಾಕಿದ್ರೆ ಎರಡಕ್ಕೂ ಬೇರೆ ಬೇರೆ ಹೆಸರು ಬಂತು. ನಮ್ಮತ್ತೆ ವಿಷದ ಹುಳ, ಸಾಯಿಸು ಅಂತಾರೆ, ಮಗಳು ಬೇಡ ಅಂತಾಳೆ. ಕಂದು ಹುಳವನ್ನ ಈಗ ಒಂದು ಡಬ್ಬಿಗೆ ಹಾಕಿಟ್ಟಿದೀನಿ. ಇದು ಯಾವ ಹುಳ? ಹೋದ ವಾರ ಗೋಡೆ ಮೇಲೆ ಅಂಗೈಗಿಂತ ದೊಡ್ಡ ಕಂದು ಪತಂಗ ಎರಡು ದಿನ ಅಲ್ಲಾಡದೆ ಕೂತಿತ್ತು, ಸಕ್ಕರೆ ನೀರು ಇಟ್ರೂ ಕುಡೀಲಿಲ್ಲ, ಮೂರನೇ ದಿನ ಸತ್ತೋಗಿತ್ತು. ಅದಕ್ಕೇನಾಗಿತ್ತು? ತೋಟ, ಕಾಡಲ್ಲಿ ಸಿಗೋ ಇಂಥವನ್ನ ನಾವೇ ಗುರುತು ಹಿಡಿಯೋಕೆ ಕಲೀಬಹುದಾ?

ಉತ್ತರ: ಮೊದಲು ಆ ಡಬ್ಬಿ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಅದು ತಡ ಆಗಬಾರದು. ಡಬ್ಬಿ ತಳಕ್ಕೆ ನಾಲ್ಕು ಬೆರಳು ಎತ್ತರ ಮಣ್ಣು ಹಾಕಿ, ಮಣ್ಣು ಕೆಸರಾಗಿರಬಾರದು, ಕೈಗೆ ತಂಪು ಅನ್ನಿಸೋ ಅಷ್ಟು ತೇವ ಇದ್ರೆ ಸಾಕು. ಅದರ ಮೇಲೆ ಒಂದಿಷ್ಟು ಒಣ ತರಗೆಲೆ ಹರಡಿ. ಮುಚ್ಚಳ ತೆಗೆದು ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ತಿನ್ನೋಕೆ ಸೊಪ್ಪು ಹಾಕೋದು ಬೇಡ, ಅದರ ಊಟದ ಕಾಲ ಮುಗಿದಿದೆ. ಮೆಟ್ಟಿಲ ಹತ್ರ ಅದು ಓಡಾಡ್ತಿದ್ದಿದ್ದು ದಾರಿ ತಪ್ಪಿ ಅಲ್ಲ ರೀ, ಗಿಡದಿಂದ ಇಳಿದು ಕೋಶ ಕಟ್ಟೋಕೆ ತರಗೆಲೆ ಇರೋ ಜಾಗ ಹುಡುಕ್ತಿತ್ತು.

ನೀವು ಕಂಡ ಹಸಿರು ಹುಳ, ಕಂದು ಹುಳ ಎರಡೂ ಒಂದೇ ಜಾತಿ, ಎರಡೇ ದಿನದ ಅಂತರ ನೋಡಿದ್ರೆ ಹೆಚ್ಚುಕಮ್ಮಿ ಒಂದೇ ಹುಳ. ಇದು ಪತಂಗದ ಮರಿ, ಆ ಪತಂಗಕ್ಕೆ ಇಂಗ್ಲಿಷ್‌ನಲ್ಲಿ ಓಲಿಯಾಂಡರ್ ಹಾಕ್‌ಮಾತ್ ಅಂತಾರೆ, ಶಾಸ್ತ್ರೀಯ ಹೆಸರು ಡಾಫ್ನಿಸ್ ನೆರಿ. ಓಲಿಯಾಂಡರ್ ಅಂದ್ರೆ ನಮ್ಮ ಕಣಗಿಲೆ. ಆದ್ರೆ ಈ ಹುಳ ಕಣಗಿಲೆ ಒಂದನ್ನೇ ನೆಚ್ಚಿಕೊಂಡಿಲ್ಲ, ನಂದಿಬಟ್ಟಲು, ನಿತ್ಯಪುಷ್ಪ, ಹಾಲೆ ಮರ ಹೀಗೆ ಮುರಿದ್ರೆ ಹಾಲು ಬರೋ ಆ ಕುಟುಂಬದ ಹಲವು ಗಿಡಗಳಲ್ಲಿ ಸಿಗುತ್ತೆ. ನಮ್ಮೂರುಗಳ ಮನೆ ಮುಂದಿನ ನಂದಿಬಟ್ಟಲಿನಲ್ಲಂತೂ ಮಳೆಗಾಲ ಶುರುವಾದ ಮೇಲೆ ಹುಡುಕಿದ್ರೆ ಸಿಗದೇ ಇರೋದೇ ಕಮ್ಮಿ.

ಬಣ್ಣ ಬದಲಾಗಿದ್ದು ಯಾಕೆ ಅಂತ ರೇಷ್ಮೆ ಸಾಕಿದ ಮನೆಯವರಿಗೆ ಹೇಳ್ಕೊಡಬೇಕಾಗೇ ಇಲ್ಲ. ನಮ್ಮಮ್ಮ ರಾಮನಗರದ ಕಡೆಯವರು, ಹುಳ ಮನೆಯಲ್ಲೇ ಬೆಳೆದೋರು, ಹುಳ ಸೊಪ್ಪು ತಿನ್ನೋದು ನಿಲ್ಲಿಸಿ ಮೈ ಬಣ್ಣ ತಿರುಗಿದ ತಕ್ಷಣ "ಹಣ್ಣಾಯ್ತು" ಅಂತ ಆರಿಸಿ ಆರಿಸಿ ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಡ್ತಿದ್ರು. ನಿಮ್ಮ ಹುಳಕ್ಕೂ ಆಗಿರೋದು ಅದೇ, ಹಣ್ಣಾಗಿದೆ. ರೇಷ್ಮೆ ಹುಳ ಹಣ್ಣಾದ್ರೆ ಹಳದಿ ಛಾಯೆಗೆ ತಿರುಗಿ ಮೈ ಕನ್ನಡಿ ಥರ ಆಗುತ್ತೆ, ಈ ಹಾಕ್‌ಮಾತ್ ಹುಳ ಹಸಿರು ಬಿಟ್ಟು ಕಂದಾಗಿ ಬೆನ್ನೆಲ್ಲ ಕಪ್ಪಾಗುತ್ತೆ. ಎಲೆ ಮೇಲಿದ್ದಾಗ ಹಸಿರು ಕಾಪಾಡ್ತು, ನೆಲಕ್ಕಿಳಿದ ಮೇಲೆ ಹಸಿರು ಇಟ್ಕೊಂಡ್ರೆ ಹಕ್ಕಿ ಕಣ್ಣಿಗೆ ಬೀಳುತ್ತೆ, ಅಷ್ಟೇ ಲೆಕ್ಕ. ಅಂದ ಹಾಗೆ ರೇಷ್ಮೆ ಹುಳದ ಬಾಲದ ಹತ್ರಾನೂ ಒಂದು ಪುಟ್ಟ ಕೊಂಬಿದೆ, ಎಷ್ಟೋ ವರ್ಷ ಸಾಕಿದವರೂ ಅದನ್ನ ಗಮನಿಸಿರಲ್ಲ, ಯಾರಾದ್ರೂ ಸಾಕೋರು ಹತ್ರದಲ್ಲಿದ್ರೆ ಹೋಗಿ ನೋಡಿ.

ನಿಮ್ಮತ್ತೆಯವರ ಮಾತಿಗೆ ಬರ್ತೀನಿ. ಅವರು ಭಯಪಟ್ಟಿದ್ದು ತಪ್ಪಲ್ಲ, ಆ ಹುಳ ಇರೋದೇ ಭಯ ಹುಟ್ಟಿಸೋ ಹಾಗೆ. ಮುಟ್ಟಿದ್ರೆ ತಲೆ ಒಳಕ್ಕೆ ಎಳ್ಕೊಂಡು ಎದೆ ಉಬ್ಬಿಸುತ್ತೆ, ಆಗ ಚರ್ಮದ ಮಡಿಕೆಯೊಳಗಿದ್ದ ಆ ಎರಡು ನೀಲಿ ಬೊಟ್ಟು ಕಣ್ಣರಳಿಸಿದ ಹಾಗೆ ಕಾಣುತ್ತೆ. ಅದು ಕಣ್ಣೇ ಅಲ್ಲ. ಹಿಂದಿನ ಕೊಂಬೂ ಚುಚ್ಚಲ್ಲ, ಮುಟ್ಟಿ ನೋಡಿ, ಮೆತ್ತಗಿರುತ್ತೆ. ವಿಷ ಇರೋದು ಕಣಗಿಲೆ ಗಿಡದಲ್ಲಿ, ಅದರ ಎಲೆ ಹೊಟ್ಟೆಗೆ ಹೋದ್ರೆ ದನಕ್ಕೂ ಮನುಷ್ಯರಿಗೂ ಅಪಾಯ. ಹುಳ ಕಚ್ಚಲ್ಲ, ಮೈಮೇಲೆ ಹರಿದ್ರೆ ತುರಿಸಲ್ಲ. ಗಿಡದ ಬಗ್ಗೆನೂ ಚಿಂತೆ ಬೇಡ, ನಂದಿಬಟ್ಟಲು ಪೂರ್ತಿ ಬೋಳಾದ್ರೂ ಒಂದು ತಿಂಗಳಲ್ಲಿ ಮತ್ತೆ ಚಿಗುರುತ್ತೆ.

ಈಗ ಆ್ಯಪ್ ಯಾಕೆ ಎರಡು ಹೆಸರು ಹೇಳ್ತು ಅನ್ನೋದು, ನಿಮ್ಮ ಕೊನೇ ಪ್ರಶ್ನೆಗೆ ಉತ್ತರಾನೂ ಅಲ್ಲೇ ಇದೆ. ಹಸಿರು ಹುಳದ ಫೋಟೋದಲ್ಲಿ ಎಲೆ ಇತ್ತು. ಕಂದು ಹುಳ ಬರೀ ಸಿಮೆಂಟ್ ಮೆಟ್ಟಿಲ ಮೇಲಿತ್ತು, ಆ ಫೋಟೋ ನೋಡಿ ಅದು ಎಲ್ಲಿಂದ ಬಂತು, ಏನು ತಿಂದು ಬೆಳೀತು ಅಂತ ಯಾರಿಗೂ ಗೊತ್ತಾಗಲ್ಲ. ಇಷ್ಟು ವರ್ಷದಲ್ಲಿ ಸಾವಿರಾರು ಫೋಟೋ ನನಗೆ ಬಂದಿವೆ, "ಸರ್ ಇದು ಯಾವ ಹುಳ" ಅಂತ, ನಾನು ಪ್ರತಿ ಸಲ ತಿರುಗಿ ಕೇಳೋದು ಒಂದೇ ಪ್ರಶ್ನೆ, ಯಾವ ಗಿಡದ ಮೇಲಿತ್ತು? ಹುಳಕ್ಕಿಂತ ಮೊದಲು ಗಿಡ ಗುರುತು ಹಿಡೀರಿ. ಪತಂಗ ಅಂದ್ರೆ ಪ್ರಪಂಚದಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಜಾತಿ, ನಮ್ಮ ದೇಶದಲ್ಲೇ 10 ಸಾವಿರಕ್ಕಿಂತ ಜಾಸ್ತಿ, ಚಿಟ್ಟೆಗಳಾದ್ರೆ 1,300ರಿಂದ 1,400ರ ಆಸುಪಾಸು ಅಷ್ಟೇ. ಆ ಸಮುದ್ರದಲ್ಲಿ ಬರೀ ಬಣ್ಣ ನೋಡಿ ಹುಡುಕಿದ್ರೆ ಕೈಗೆ ಏನೂ ಸಿಗಲ್ಲ, ಅದೇ ಗಿಡ ಗೊತ್ತಾಯ್ತು ಅಂದ್ರೆ ಹತ್ತೋ ಹದಿನೈದೋ ಜಾತಿಗೆ ಬಂದು ನಿಲ್ತೀರಿ.

ಇದನ್ನ ತೋರಿಸ್ಕೊಟ್ಟೋರು ನಮ್ಮ ನೆಲದಲ್ಲೇ ಇದ್ರು. ಥಾಮಸ್ ಬೆಲ್ ಅಂತ, ಬ್ರಿಟಿಷರ ಕಾಲದ ಅರಣ್ಯಾಧಿಕಾರಿ, ಉತ್ತರ ಕನ್ನಡದ ಕಾಡಲ್ಲಿ ಕೆಲಸ ಮಾಡಿ ನಿವೃತ್ತಿ ಆದ್ಮೇಲೂ ಕಾರವಾರದಲ್ಲೇ ಉಳ್ಕೊಂಡ್ರು. ಇವರು ಪತಂಗ ಹಿಡಿದು ಪಿನ್ನು ಚುಚ್ಚಿಟ್ಟು ಸುಮ್ನಾಗಲಿಲ್ಲ, ಕಾಡಿಂದ ಹುಳ ತಂದು, ಯಾವ ಗಿಡದ್ದು ಅಂತ ಬರೆದಿಟ್ಟು, ಅದೇ ಸೊಪ್ಪು ಹಾಕಿ ಸಾಕಿ, ಕೋಶ ಒಡೆದು ಯಾವ ಪತಂಗ ಬರುತ್ತೆ ಅಂತ ಕಾಯ್ತಿದ್ರು. 1937ರಲ್ಲಿ ಸ್ಕಾಟ್ ಅನ್ನೋರ ಜೊತೆ ಸೇರಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಗ್ರಂಥಮಾಲೆಯಲ್ಲಿ ಹಾಕ್‌ಮಾತ್‌ಗಳ ಸಂಪುಟ ತಂದ್ರು. ಅದರಲ್ಲಿ ಹುಳದ ವರ್ಣನೆ, ಆಹಾರದ ಗಿಡ, ಕೋಶ ಎಲ್ಲ ಇದೆ, ಇವತ್ತಿಗೂ ನಾವು ತೆರೆದು ನೋಡ್ತೀವಿ. ಕಾರವಾರದ ಒಂದು ಮನೆಯಲ್ಲಿ ಸೊಪ್ಪು ಹಾಕಿ ಸಾಕಿದ ಹುಳಗಳಿಂದ ಇಡೀ ದೇಶದ ತಿಳಿವಳಿಕೆ ಬೆಳೀತು ಅನ್ನೋದು ನನಗೆ ಬಹಳ ಹೆಮ್ಮೆಯ ವಿಷಯ.

ಹಾಗಾಗಿ ನಿಮ್ಮ ಸುತ್ತ ಇರೋ ಗಿಡಗಳಿಂದಲೇ ಶುರು ಮಾಡಿ, ಕಾಡಿಗೆ ಆಮೇಲೆ ಹೋಗೋಣ. ಮಲೆನಾಡಿನ ಮನೆ ಅಂದ್ರೆ ಹಿತ್ತಲಲ್ಲಿ ಕೆಸು ಇದ್ದೇ ಇರುತ್ತೆ, ಪತ್ರೊಡೆಗೆ ಎಲೆ ಕೊಯ್ಯೋವಾಗ ತಿರುಗಿಸಿ ನೋಡಿ, ಬದಿಯಲ್ಲಿ ಸಾಲಾಗಿ ಬೊಟ್ಟು ಇರೋ ಕೊಂಬಿನ ಹುಳ ಸಿಕ್ರೆ ಅದು ಥೆರೆಟ್ರಾ ಗುಂಪಿನ ಹಾಕ್‌ಮಾತ್, ಅದೇ ಹುಳ ಗೌರಿ ಹೂವಿನ ಗಿಡಕ್ಕೂ ಬರುತ್ತೆ. ಎಳ್ಳು, ಬದನೆ ಗಿಡದಲ್ಲಿ ಬೆರಳಿಗಿಂತ ದಪ್ಪದ, ಬದಿಯಲ್ಲಿ ಓರೆ ಪಟ್ಟೆ ಇರೋ, ಬಾಲದ ಕೊಂಬು ಒರಟಾಗಿ ಡೊಂಕಾಗಿರೋ ಹುಳ ಸಿಕ್ರೆ ಅದು ಅಕೆರೋನ್ಷಿಯಾ, ಬೆನ್ನ ಮೇಲೆ ತಲೆಬುರುಡೆ ಗುರುತು ಇರೋ ಪತಂಗದ ಮರಿ. ಈ ಪತಂಗ ಹಿಡಿದ್ರೆ ಕೀಚ್ ಅಂತ ಕೂಗುತ್ತೆ, ರಾತ್ರಿ ತುಡುವೆ ಜೇನಿನ ಗೂಡಿಗೆ ನುಗ್ಗಿ ತುಪ್ಪ ಹೀರುತ್ತೆ, ಜೇನು ಸಾಕೋರಿಗೆ ಪೆಟ್ಟಿಗೆಯೊಳಗೆ ಸತ್ತು ಬಿದ್ದಿರೋದು ಸಿಗೋದೂ ಉಂಟು. ತಲೆಬುರುಡೆ ಇದೆ ಅಂತ ಅಪಶಕುನ ಅಂದ್ಕೊಂಡು ಹೊಡೆದು ಹಾಕೋರಿದ್ದಾರೆ, ನಂಗೆ ತುಂಬಾ ಬೇಜಾರಾಗುತ್ತೆ, ಅದು ಯಾರಿಗೂ ಏನೂ ಕೆಡುಕು ಮಾಡಲ್ಲ.

ಅಮೃತಬಳ್ಳಿ ಇದ್ಯಾ ಮನೆಯಲ್ಲಿ? ಅದರ ಮೇಲೆ ಕಪ್ಪು ಕಂದು ಬಣ್ಣದ, ಬದಿಯಲ್ಲಿ ದೊಡ್ಡ ಕಣ್ಣಿನ ಗುರುತಿರೋ, ಹಿಂಭಾಗ ಮೇಲೆತ್ತಿ ತಲೆ ಬಗ್ಗಿಸಿ ವಿಚಿತ್ರವಾಗಿ ಕೂರೋ ಹುಳ ಸಿಗುತ್ತೆ. ಅದರ ಪತಂಗ ಯುಡೋಸಿಮಾ, ಮುಂದಿನ ರೆಕ್ಕೆ ಒಣ ಎಲೆ ಥರ, ಹಿಂದಿನ ರೆಕ್ಕೆ ತೆರೆದ್ರೆ ಕಿತ್ತಳೆ ಬಣ್ಣ. ರಾತ್ರಿ ಮೋಸಂಬಿ, ಕಿತ್ತಳೆ, ದಾಳಿಂಬೆ ಹಣ್ಣಿಗೆ ಸೊಂಡಿಲು ಚುಚ್ಚಿ ರಸ ಹೀರೋದು ಇದೇ, ಚುಚ್ಚಿದ ತೂತಿಂದ ಹಣ್ಣು ಕೊಳೆಯುತ್ತೆ. ತೋಟದವರು ಹಣ್ಣು ಉದುರೋದು ನೋಡ್ತಾರೆ, ಹುಳ ಬೆಳೆಯೋದು ಬೇಲಿ ಮೇಲಿನ ಬಳ್ಳಿಯಲ್ಲಿ ಅಂತ ಗೊತ್ತಾಗೋದೇ ಇಲ್ಲ.

ನುಗ್ಗೆ ಮರದ ಕಾಂಡಕ್ಕೆ ಅಂಗೈ ಅಗಲ ಗುಂಪಾಗಿ ಅಂಟಿಕೊಂಡಿರೋ ಕಂಬಳಿಹುಳ ಎಲ್ಲರಿಗೂ ಗೊತ್ತು, ಯುಪ್ಟೆರೋಟೆ ಅಂತ ಅದು. ಕರಾವಳಿಯಲ್ಲಿ ಗೇರು, ಮಾವಿನ ಎಲೆ ಬೋಳಿಸಿ ಬಂಗಾರದ ಬಲೆ ಹೆಣೆದ ಹಾಗೆ ಗೂಡು ಕಟ್ಟೋದು ಕ್ರಿಕುಲಾ, ಆ ಖಾಲಿ ಗೂಡನ್ನ ಬಿಸಿಲಿಗೆ ಹಿಡಿದು ಒಂದ್ಸಲ ನೋಡಬೇಕು ನೀವು. ಅತ್ತಿ ಗಿಡದಲ್ಲಿ ಅಸೋಟಾ. ಹರಳು ಗಿಡದಲ್ಲಿ ಅರ್ಧ ಡೊಂಕಾಗಿ ನಡೆಯೋ ಬೂದು ಹುಳ ಅಕಿಯಾ.

ಹಾಗಂತ ಸಿಕ್ಕಿದ್ದೆಲ್ಲ ಪತಂಗದ ಹುಳ ಅಂದ್ಕೋಬೇಡಿ. ಕರಿಬೇವು, ನಿಂಬೆ ಗಿಡದಲ್ಲಿ ಚಿಕ್ಕದಿದ್ದಾಗ ಹಕ್ಕಿ ಹಿಕ್ಕೆ ಥರ, ದೊಡ್ಡದಾದ ಮೇಲೆ ಹಸಿರಾಗಿ ಇರೋದು ಚಿಟ್ಟೆ ಹುಳ, ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕವಲು ನಾಲಿಗೆ ಥರದ್ದು ಹೊರಗೆ ಬಂದು ಗಾಟು ವಾಸನೆ ಹೊಡೆಯುತ್ತೆ. ಎಕ್ಕದ ಗಿಡದಲ್ಲಿ ಬಿಳಿ, ಕಪ್ಪು, ಹಳದಿ ಪಟ್ಟೆ ಹಾಕ್ಕೊಂಡಿರೋದೂ ಚಿಟ್ಟೆಯದೇ. ಕಣಗಿಲೆಯಲ್ಲೂ ಹಾಕ್‌ಮಾತ್ ಜೊತೆಗೆ ಕಾಮನ್ ಕ್ರೋ ಅನ್ನೋ ಚಿಟ್ಟೆ ಹುಳ ಬರುತ್ತೆ, ಮೈಮೇಲೆ ನಾಲ್ಕು ಜೊತೆ ಕಪ್ಪು ಎಳೆ ಇರುತ್ತೆ, ಅದರ ಕೋಶ ಬೆಳ್ಳಿ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತೆ.

ಗಿಡ ಆದ್ಮೇಲೆ ಕಾಲು. ಇದನ್ನ ಬಹಳ ಜನ ನೋಡೋದೇ ಇಲ್ಲ, ಮೇಲಿಂದ ಒಂದು ಫೋಟೋ ತೆಗೆದು ಕಳಿಸ್ಬಿಡ್ತಾರೆ. ಹುಳವನ್ನ ಪಕ್ಕದಿಂದ ನೋಡಿ, ಎದೆ ಭಾಗದಲ್ಲಿ ಚೂಪಾದ ಮೂರು ಜೊತೆ ನಿಜವಾದ ಕಾಲು, ಆಮೇಲೆ ಖಾಲಿ ಜಾಗ, ಆಮೇಲೆ ಹೊಟ್ಟೆ ಕೆಳಗೆ ಮೆತ್ತನೆ ಮಾಂಸದ ಕಾಲು ನಾಲ್ಕು ಜೊತೆ, ತೀರಾ ಕೊನೆಯಲ್ಲಿ ಒಂದು ಜೊತೆ. ಹಾಕ್‌ಮಾತ್, ರೇಷ್ಮೆ ಹುಳ, ಹೆಚ್ಚಿನ ಕಂಬಳಿಹುಳಕ್ಕೆಲ್ಲ ಹೀಗೇ. ಹೊಟ್ಟೆ ಕೆಳಗಿನ ನಾಲ್ಕು ಜೊತೆಯಲ್ಲಿ ಒಂದೇ ಜೊತೆ ಇದ್ದು, ಹುಳ ಗೇಣು ಹಾಕಿ ಅಳೆದ ಹಾಗೆ ಬೆನ್ನು ಬಿಲ್ಲು ಮಾಡ್ಕೊಂಡು ನಡೀತಿದ್ರೆ ಅದು ಜಿಯೋಮೆಟ್ರಿಡೇ ಕುಟುಂಬ, ಆ ಹೆಸರಿನ ಅರ್ಥಾನೇ ಭೂಮಿ ಅಳೆಯೋದು ಅಂತ. ಇವು ಹೆದರಿದ್ರೆ ಕಡ್ಡಿ ಥರ ನೆಟ್ಟಗೆ ನಿಂತ್ಬಿಡ್ತಾವೆ, ಕಾಫಿ ತೋಟದಲ್ಲಿ ಕಡ್ಡಿ ಅಂತ ಮುರಿಯೋಕೆ ಹೋಗಿ ಕೈಗೆ ಮೆತ್ತಗೆ ತಾಗಿದ್ದು ನಂಗೆ ಇವತ್ತಿಗೂ ನೆನಪಿದೆ. ಎರಡೋ ಮೂರೋ ಜೊತೆ ಇದ್ದು ಅರ್ಧಂಬರ್ಧ ಬಿಲ್ಲು ಮಾಡಿದ್ರೆ ಸೆಮಿಲೂಪರ್, ಆ ಹರಳು ಗಿಡದ ಅಕಿಯಾ ಥರದ್ದು. ಇನ್ನು ಹೊಟ್ಟೆ ಕೆಳಗಿನ ಮಾಂಸದ ಕಾಲು ಎಣಿಸಿದಾಗ ಕೊನೇದೂ ಸೇರಿ ಐದು ಜೊತೆಗಿಂತ ಜಾಸ್ತಿ ಬಂತು ಅಂದ್ರೆ ಅದು ಪತಂಗಾನೂ ಅಲ್ಲ ಚಿಟ್ಟೇನೂ ಅಲ್ಲ, ಸಾಫ್ಲೈ ಅಂತ ಕಣಜದ ಬಳಗದ ಕೀಟದ ಮರಿ. ಮೂಲಂಗಿ, ಸಾಸಿವೆ ಎಲೆ ತೂತು ಮಾಡೋ ಕಪ್ಪು ಹಸಿರು ಹುಳ ಎಣಿಸಿ ನೋಡಿ, ಎಂಟು ಜೊತೆ ಸಿಗುತ್ತೆ. ಎಷ್ಟು ದೊಡ್ಡ ಗೊಂದಲ ಒಂದು ಎಣಿಕೆಯಲ್ಲಿ ಬಗೆಹರಿಯುತ್ತೆ ನೋಡಿ.

ತಲೆ ಮತ್ತು ಬಾಲದ ಗುರುತು ನೋಡೋದು ಎಷ್ಟು ಮುಖ್ಯ ಅಂತ ನಿಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಚೆನ್ನಾಗಿ ಗೊತ್ತಿರಬೇಕು. 2018ರಲ್ಲಿ ಮುಸುಕಿನ ಜೋಳದ ಸುಳಿಯಲ್ಲಿ ಕೂತು ತಿಂತಿದ್ದ ಹುಳವನ್ನ ನೋಡಿ, ಇದು ಇಲ್ಲಿದ್ದಲ್ಲ, ಅಮೆರಿಕ ಖಂಡದ ಫಾಲ್ ಆರ್ಮಿವರ್ಮ್ ಅಂತ ಭಾರತದಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗದಲ್ಲೇ. ದೂರದಿಂದ ನೋಡಿದ್ರೆ ಅದು ಮಾಮೂಲಿ ಕಂದು ಹುಳ. ಹತ್ರದಿಂದ ನೋಡಿದ್ರೆ ಹಣೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲಕ್ಕಿಂತ ಸ್ವಲ್ಪ ಮುಂದೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಆ ನಾಲ್ಕು ಚುಕ್ಕೆ ನೋಡೋ ಅಭ್ಯಾಸ ಇರೋ ರೈತ, ಯಾವ ಹುಳ ಅಂತ ಗೊತ್ತಿಲ್ಲದೆ ಸಿಕ್ಕ ಸಿಕ್ಕ ಔಷಧಿ ಹೊಡೆಯೋ ರೈತನಿಗಿಂತ ಎಷ್ಟೋ ಮುಂದಿರ್ತಾನೆ.

ಕೂದಲು ಇರೋ ಹುಳ ಬರಿಗೈಲಿ ಮುಟ್ಟಬೇಡಿ, ಇದನ್ನ ಮಗಳಿಗೂ ಹೇಳಿಕೊಡಿ. ಎಲ್ಲ ಕಂಬಳಿಹುಳನೂ ತುರಿಸಲ್ಲ ನಿಜ, ಆದ್ರೆ ಯಾವುದು ತುರಿಸುತ್ತೆ ಅಂತ ಮುಟ್ಟಿ ಕಲಿಯೋದು ಬೇಡ. ಬೆನ್ನ ಮೇಲೆ ಬ್ರಷ್ ಥರ ಕೂದಲ ಕುಚ್ಚು ನಿಂತಿದ್ರೆ ಟಸಕ್ ಪತಂಗದ ಹುಳ, ಅದು ಮೈಯೆಲ್ಲ ದದ್ದು ಏಳಿಸುತ್ತೆ. ಅದಕ್ಕಿಂತ ಜೋರು ಅಂದ್ರೆ ಲಿಮಕೋಡಿಡೇ ಕುಟುಂಬದ್ದು, ಕಾಲೇ ಕಾಣದ ಹಾಗೆ ಬಸವನಹುಳದ ಥರ ಜಾರ್ಕೊಂಡು ಹೋಗುತ್ತೆ, ತಿಳಿ ಹಸಿರು ಮೈ, ನೀಲಿ ಪಟ್ಟೆ, ಮೈ ತುಂಬ ಮುಳ್ಳು, ನೋಡೋಕೆ ಆಟದ ಸಾಮಾನಿನ ಥರ ಚೆಂದ ಇರೋದ್ರಿಂದ ಮಕ್ಕಳು ಕೈ ಹಾಕ್ತಾರೆ. ತೆಂಗು, ಮಾವು, ಹರಳು ಎಲೆಯ ಅಡಿಯಲ್ಲಿರುತ್ತೆ, ತಾಗಿದ್ರೆ ಬೆಂಕಿ ಇಟ್ಟ ಹಾಗೆ ಉರಿ. ತಾಗಿದ್ರೆ ಉಜ್ಜಬೇಡಿ, ಉಜ್ಜಿದ್ರೆ ಮುರಿದ ಕೂದಲು ಇನ್ನೂ ಒಳಕ್ಕೆ ಹೋಗುತ್ತೆ. ಮೊದಲು ಸೆಲೋ ಟೇಪ್ ಅಂಟಿಸಿ ಕಿತ್ತು ಕೂದಲು ತೆಗೀರಿ, ಎರಡು ಮೂರು ಸಲ ಹೊಸ ಟೇಪ್‌ನಲ್ಲಿ, ಆಮೇಲೆ ಸೋಪು ನೀರಲ್ಲಿ ತೊಳೆದು ತಣ್ಣೀರು ಬಟ್ಟೆ ಇಡಿ. ಕಣ್ಣಿಗೆ ಹೋದ್ರೆ, ಉಸಿರಾಟಕ್ಕೆ ತೊಂದರೆ ಆದ್ರೆ ಮನೆ ಮದ್ದು ನೋಡ್ತಾ ಕೂರಬೇಡಿ, ಸೀದಾ ಡಾಕ್ಟರ ಹತ್ರ ಹೋಗಿ. ಈ ಹುಳಗಳ ಗೂಡಿನ ಮೇಲೂ ಕೂದಲು, ಮುಳ್ಳು ಅಂಟಿರೋದುಂಟು, ಅದನ್ನೂ ಕಡ್ಡಿಯಿಂದಲೇ ಎತ್ತಿ.

ಈಗ ನಿಮ್ಮ ಗೋಡೆ ಮೇಲಿನ ಪತಂಗ. ಸಕ್ಕರೆ ನೀರು ಯಾಕೆ ಕುಡೀಲಿಲ್ಲ ಅಂದ್ರೆ ಅದಕ್ಕೆ ಕುಡಿಯೋ ಬಾಯೇ ಇಲ್ಲ. ನೀವು ಕಳಿಸಿದ ಅದರ ಫೋಟೋದಲ್ಲಿ ರೆಕ್ಕೆ ನಡುವೆ ತ್ರಿಕೋನದ ಪಾರದರ್ಶಕ ಕಿಟಕಿಗಳು ಕಾಣ್ತಿವೆ, ಮುಂದಿನ ರೆಕ್ಕೆಯ ತುದಿ ಹಾವಿನ ಹೆಡೆ ಥರ ತಿರುಗಿದೆ, ಅಲ್ಲಿಗೆ ಇದು ಅಟ್ಲಾಸ್ ಪತಂಗ. ದಕ್ಷಿಣ ಭಾರತ, ಶ್ರೀಲಂಕಾದ್ದನ್ನ ಈಗ ಅಟ್ಟಾಕಸ್ ಟಪ್ರೊಬಾನಿಸ್ ಅಂತ ಬೇರೆ ಜಾತಿಯಾಗಿ ಗುರುತಿಸ್ತಾರೆ, ಆ್ಯಪ್‌ಗಳು ಇನ್ನೂ ಹಳೇ ಅಟ್ಟಾಕಸ್ ಅಟ್ಲಾಸ್ ಹೆಸರನ್ನೇ ಕೊಡೋದುಂಟು. ಈ ಜಾತಿ ಹುಳವಾಗಿದ್ದಾಗ ದಾಲ್ಚಿನ್ನಿ, ಸೀಬೆ ಅಂತ ಹಲವು ಮರದ ಎಲೆ ತಿಂದು ಬೊಜ್ಜು ಕೂಡಿಟ್ಕೊಳ್ಳುತ್ತೆ, ಪತಂಗ ಆದ್ಮೇಲೆ ಅದರ ಮೇಲೇ ಒಂದು ವಾರವೋ ಹತ್ತು ದಿನವೋ ಬದುಕಿ, ಜೋಡಿಯಾಗಿ, ಮೊಟ್ಟೆ ಇಟ್ಟು ಮುಗಿಯುತ್ತೆ. ನಿಮ್ಮಿಂದ ಏನೂ ತಪ್ಪಾಗಿಲ್ಲ, ಅದರ ಆಯಸ್ಸೇ ಅಷ್ಟು. ಅದು ಗಂಡೋ ಹೆಣ್ಣೋ ಅಂತ ತಿಳೀಬೇಕಾದ್ರೆ ಮೀಸೆ ನೋಡಿ, ಗಂಡಿಗೆ ಅಗಲವಾದ ಗರಿ ಥರದ ಮೀಸೆ, ಅದರಿಂದಲೇ ದೂರದ ಹೆಣ್ಣಿನ ವಾಸನೆ ಹಿಡಿಯೋದು. ಹೆಣ್ಣಿನ ಮೀಸೆ ಸಪೂರ, ಹೊಟ್ಟೆ ದಪ್ಪ. ಇದೇ ಬಳಗದ್ದು ಚಂದ್ರ ಪತಂಗ, ತಿಳಿ ಹಸಿರು ಬಣ್ಣ, ಹಿಂದೆ ಎರಡು ಉದ್ದ ಬಾಲ, ಮಲೆನಾಡಲ್ಲಿ ಮಳೆ ಹಿಡಿದ ರಾತ್ರಿ ಜಗುಲಿ ಲೈಟಿಗೆ ಬಂದು ಕೂರುತ್ತೆ.

ಚಿಟ್ಟೆಗೂ ಪತಂಗಕ್ಕೂ ವ್ಯತ್ಯಾಸ ಅಂತ ಸ್ಕೂಲಲ್ಲಿ ಹೇಳ್ಕೊಡ್ತಾರಲ್ಲ, ಹಗಲು ಹಾರಿದ್ರೆ ಚಿಟ್ಟೆ, ರಾತ್ರಿ ಹಾರಿದ್ರೆ ಪತಂಗ, ಬಣ್ಣ ಇದ್ರೆ ಚಿಟ್ಟೆ, ಕಂದು ಇದ್ರೆ ಪತಂಗ, ಇದನ್ನ ದಯವಿಟ್ಟು ಮರೆತುಬಿಡಿ. ಪಶ್ಚಿಮ ಘಟ್ಟದ ಕಾಡಂಚಲ್ಲಿ ನೀಲಿ ರೆಕ್ಕೆಯ ಡಿಸ್ಫಾನಿಯಾ ನಡು ಹಗಲಲ್ಲಿ ಚಿಟ್ಟೆ ಥರ ತೇಲ್ತಾ ಹೋಗುತ್ತೆ, ಹಾಕ್‌ಮಾತ್‌ಗಳಲ್ಲೇ ಮ್ಯಾಕ್ರೋಗ್ಲಾಸಮ್ ಅನ್ನೋದು ಹಗಲು, ಮುಸ್ಸಂಜೆಯಲ್ಲಿ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡೀತಾ ಮಕರಂದ ಹೀರುತ್ತೆ. ಅದನ್ನ ನೋಡಿ "ಹಮ್ಮಿಂಗ್ ಬರ್ಡ್ ಬಂದಿದೆ" ಅಂತ ಪ್ರತಿ ವರ್ಷ ನಾಲ್ಕೈದು ವಿಡಿಯೋ ಬರುತ್ತೆ. ಹಮ್ಮಿಂಗ್ ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ, ನಮ್ಮಲ್ಲಿ ಇಲ್ಲ. ನೋಡಬೇಕಾದ್ದು ಮೀಸೆಯ ತುದಿ. ಬೆಂಕಿಕಡ್ಡಿ ಥರ ತುದಿಯಲ್ಲಿ ಗುಂಡು ಇದ್ರೆ ಚಿಟ್ಟೆ, ದಾರದ ಥರ ಅಥವಾ ಗರಿ ಥರ ಇದ್ರೆ ಪತಂಗ. ಅಪವಾದ ಇದೆ, ಆದ್ರೆ ಅಪರೂಪ.

ಪತಂಗ ನೋಡೋಕೆ ಕಾಡಿಗೇ ಹೋಗಬೇಕಂತಿಲ್ಲ. ಅಮಾವಾಸ್ಯೆ ಆಸುಪಾಸಿನ ಗಾಳಿ ಇಲ್ಲದ ರಾತ್ರಿ, ಮಳೆ ಬಂದು ನಿಂತ ಮೇಲೆ, ಒಂದು ಬಿಳಿ ಪಂಚೆ ಕಟ್ಟಿ ಮುಂದೆ ಬಲ್ಬ್ ಹಾಕಿ, ಎಲ್‌ಇಡಿಗಿಂತ ಯುವಿ (ಅತಿನೇರಳೆ ಬೆಳಕಿನ) ಬಲ್ಬ್ ಆದ್ರೆ ಜಾಸ್ತಿ ಬರ್ತಾವೆ. ಕೂರೋ ಭಂಗಿ ಗಮನಿಸಿ, ರೆಕ್ಕೆ ಪೂರ್ತಿ ಬಿಚ್ಚಿ ಬಟ್ಟೆಗೆ ಅಂಟಿಕೊಂಡ ಹಾಗೆ ಕೂತ್ರೆ ಹೆಚ್ಚಾಗಿ ಆ ಗೇಣು ಹಾಕೋ ಹುಳದ ಕುಟುಂಬ, ಹೆಂಚಿನ ಮಾಡಿನ ಥರ ಇಳಿಬಿಟ್ಟು ಕೂತ್ರೆ ನಾಕ್ಟುಯಿಡ್ ಅನ್ನೋ ಪತಂಗಗಳ ಗುಂಪಿನ ಕಡೆಯದ್ದು, ಜೆಟ್ ವಿಮಾನದ ಥರ ಹಿಂದಕ್ಕೆ ಚಾಚಿ ಕೂತ್ರೆ ಹಾಕ್‌ಮಾತ್. ಒಂದೇ ವಿನಂತಿ, ರಾತ್ರಿಯಿಡೀ ಲೈಟ್ ಉರಿಸಿ ಬಿಡಬೇಡಿ, ನೋಡಿ ಮುಗಿದ ಮೇಲೆ ಆರಿಸಿ, ಇಲ್ಲಾಂದ್ರೆ ಬೆಳಗ್ಗೆ ಪಿಕಳಾರ, ಮಡಿವಾಳ ಹಕ್ಕಿಗಳು ಬಂದು ಸಾಲಾಗಿ ಕೂತಿರೋದನ್ನೆಲ್ಲ ತಿಂದು ಮುಗಿಸ್ತಾವೆ.

ಆ್ಯಪ್ ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎರಡನ್ನೂ ನಾನೇ ಬಳಸ್ತೀನಿ, ಅಲ್ಲಿ ತಿಳಿದೋರು ಬಂದು ತಿದ್ದುತಾರೆ. ಆದ್ರೆ ಹಾಕೋವಾಗ ಪೂರ್ತಿ ಹಾಕಿ. ಮೇಲಿಂದ ಒಂದು ಫೋಟೋ, ಪಕ್ಕದಿಂದ ಕಾಲು ಕಾಣೋ ಹಾಗೆ ಒಂದು, ತಲೆ ಒಂದು, ಬಾಲ ಒಂದು, ತಿಂತಿದ್ದ ಗಿಡದ ಎಲೆ ಹೂವು ಒಂದು, ಜೊತೆಗೆ ಊರು, ತಾರೀಕು. ಗಿಡದ ಮೇಲೆ ಇತ್ತು ಅಂದ ಮಾತ್ರಕ್ಕೆ ಅದನ್ನೇ ತಿಂತಿತ್ತು ಅಂತಲ್ಲ, ಎಲೆ ಕಚ್ಚಿದ ಗುರುತು, ಕೆಳಗೆ ಹಿಕ್ಕೆ ಇದ್ಯಾ ನೋಡಿ. ನಿಮ್ಮ ನಂದಿಬಟ್ಟಲಿನ ಕೆಳಗೆ ಕಾಳುಮೆಣಸಿಗಿಂತ ದಪ್ಪ ದಪ್ಪ, ಗೆರೆ ಗೆರೆ ಇರೋ ಹಿಕ್ಕೆ ಬಿದ್ದಿರಬೇಕು, ನಾನು ಹಾಕ್‌ಮಾತ್ ಹುಳ ಹುಡುಕೋದೇ ಹಾಗೆ, ಮೊದಲು ನೆಲ ನೋಡ್ತೀನಿ, ಆಮೇಲೆ ತಲೆ ಎತ್ತುತೀನಿ. ಎಷ್ಟೋ ಸಲ ಉತ್ತರ ಬರೀ ಕುಟುಂಬದ ಮಟ್ಟಕ್ಕೆ ನಿಲ್ಲುತ್ತೆ, ಅದನ್ನ ಒಪ್ಕೊಳ್ಳಿ. ಒಂದೇ ಹುಳ ಪ್ರತಿ ಜ್ವರ ಎದ್ದಾಗಲೂ, ಅಂದ್ರೆ ಪ್ರತಿ ಸಲ ಪೊರೆ ಕಳಚಿದಾಗಲೂ, ಬೇರೆ ವೇಷದಲ್ಲಿರುತ್ತೆ, ನಿಮ್ಮ ಈ ಹುಳಾನೇ ಚಿಕ್ಕದಿದ್ದಾಗ ಕೊಂಬು ಉದ್ದ, ಕಪ್ಪು, ಸೂಜಿ ಥರ ಇರುತ್ತೆ, ಕೊನೇ ಹಂತದಲ್ಲಿ ಮೋಟಾಗಿ ಹಳದಿ ಆಗುತ್ತೆ.

ಇದಕ್ಕೇ ನಾನು ಸಾಕಿ ನೋಡಿ ಅನ್ನೋದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಿಂದ ಒಂದು ಹುಳಾನೂ ತರಬೇಡಿ, ಅದು ಕಾನೂನು ಪ್ರಕಾರ ತಪ್ಪು. ಮನೆ ಹಿತ್ತಲಲ್ಲಿ ಸಿಕ್ಕಿದ್ದು ಸಾಕು. ಅದೇ ಗಿಡದ ಎಲೆ ದಿನಾ ತಾಜಾ ಹಾಕಿ, ಹಿಕ್ಕೆ ತೆಗೀರಿ, ನೀರಿನ ಬಟ್ಟಲು ಇಡಬೇಡಿ, ಡಬ್ಬಿಯಲ್ಲಿ ಬೆವರು ಕಟ್ಟೋಕೆ ಬಿಡಬೇಡಿ. ನಾನು ಶುರುವಿನಲ್ಲಿ ಮುಚ್ಚಳ ಬಿಗಿಯಾಗಿ ಹಾಕಿ ಒಂದು ಚಂದ್ರ ಪತಂಗದ ಹುಳವನ್ನ ಕಳ್ಕೊಂಡೆ, ಮೂರು ವಾರ ನೋಡ್ಕೊಂಡಿದ್ದು, ಒಂದೇ ರಾತ್ರಿಗೆ ಕೊಳೆತು ಹೋಯ್ತು, ಆ ನೋವು ಮರೆಯೋಕಾಗಲ್ಲ. ಇನ್ನೊಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡಿರಿ. ಕೆಲವೊಮ್ಮೆ ಹುಳದ ಮೈಮೇಲೆ ಅಕ್ಕಿಕಾಳಿನ ಥರ ಬಿಳಿ ಗೂಡುಗಳು ಸಾಲಾಗಿ ಎದ್ದುಬಿಡ್ತಾವೆ, ನೋಡಿದೋರು ಹುಳ ಮೊಟ್ಟೆ ಇಟ್ಟಿದೆ ಅಂತಾರೆ. ಅದು ಮೊಟ್ಟೆ ಅಲ್ಲ, ಪುಟ್ಟ ಪರಾವಲಂಬಿ ಕಣಜದ ಮರಿಗಳು ಹುಳವನ್ನ ಒಳಗಿಂದ ತಿಂದು ಹೊರಗೆ ಬಂದು ಕಟ್ಟಿದ ಗೂಡು. ಅಥವಾ ಕೋಶದಿಂದ ಪತಂಗದ ಬದಲು ನೊಣ ಬರುತ್ತೆ, ರೇಷ್ಮೆಯವರು ಊಜಿ ನೊಣ ಅಂತಾರಲ್ಲ, ಅದರ ಬಳಗದ್ದು. ಬೇಜಾರಾಗುತ್ತೆ, ಆದ್ರೆ ಅದನ್ನೂ ಫೋಟೋ ತೆಗೆದು ತಾರೀಕು ಬರೆದಿಡಿ, ಯಾವ ಹುಳದ ಮೇಲೆ ಯಾವ ಕಣಜ ಅನ್ನೋ ಮಾಹಿತಿ ಅಪರೂಪ, ರೈತರಿಗೆ ಪುಕ್ಕಟೆ ಕೀಟನಾಶಕ ಅಂದ್ರೆ ಅವೇ.

ನಿಮ್ಮ ಡಬ್ಬಿಗೆ ವಾಪಸ್ ಬರ್ತೀನಿ. ಒಂದೆರಡು ದಿನದಲ್ಲಿ ಹುಳ ತರಗೆಲೆ ಕೆಳಗೆ ಸಡಿಲವಾಗಿ ಎಳೆ ಹೆಣೆದು ಕೋಶ ಆಗುತ್ತೆ, ತಿಳಿ ಕಂದು ಬಣ್ಣ, ಮೇಲೆ ಕಪ್ಪು ಚುಕ್ಕೆ. ಕೆದಕಿ ನೋಡಬೇಡಿ, ಆಗಷ್ಟೇ ಆದ ಕೋಶದ ಚರ್ಮ ಬಹಳ ಮೆತ್ತಗಿರುತ್ತೆ. ಎರಡು ದಿನಕ್ಕೊಮ್ಮೆ ಮಣ್ಣಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಇರುವೆ ಬರದ ಹಾಗೆ ಡಬ್ಬಿಯನ್ನ ನೀರಿನ ತಟ್ಟೆಯಲ್ಲಿಡಿ. ಒಳಗೆ ಒಂದು ಒರಟು ಕಡ್ಡಿಯನ್ನ ಓರೆಯಾಗಿ ನಿಲ್ಲಿಸೋದು ಮರೀಬೇಡಿ, ಪತಂಗ ಹೊರಗೆ ಬಂದಾಗ ರೆಕ್ಕೆ ಮುದುಡಿ ಒದ್ದೆಯಾಗಿರುತ್ತೆ, ಹತ್ತಿ ಜೋತು ಬೀಳೋಕೆ ಜಾಗ ಸಿಗದೇ ಇದ್ರೆ ರೆಕ್ಕೆ ಸೊಟ್ಟಗೇ ಒಣಗಿ ಜೀವನಪೂರ್ತಿ ಹಾರೋಕಾಗಲ್ಲ. ಸುಮಾರು ಎರಡು ವಾರ ಬೇಕು, ಚಳಿ ಇದ್ರೆ ಇನ್ನೂ ಜಾಸ್ತಿ. ಹತ್ತನೇ ದಿನದಿಂದ ರಾತ್ರಿ ಮಲಗೋ ಮುಂಚೆ ಒಂದ್ಸಲ ಟಾರ್ಚ್ ಹಾಕಿ ನೋಡಿ, ಮಗಳನ್ನೂ ಎಬ್ಬಿಸಿಕೊಳ್ಳಿ. ಪಾಚಿ ಹಸಿರು, ಅದರ ಮೇಲೆ ಗುಲಾಬಿ, ಬಿಳಿ 'ಅಲೆ ಅಲೆ' ಗೆರೆ, ಮಿಲಿಟರಿ ಬಟ್ಟೆ ಥರ ಇರುತ್ತೆ. ರೆಕ್ಕೆ ಒಣಗಿ ಮೈ ನಡುಗಿಸೋಕೆ ಶುರು ಮಾಡಿದ್ರೆ ಬಿಸಿ ಮಾಡ್ಕೊಳ್ತಿದೆ ಅಂತ ಅರ್ಥ, ಆಗ ಡಬ್ಬಿ ಬಟ್ಟೆ ಬಿಚ್ಚಿ ಅದೇ ನಂದಿಬಟ್ಟಲು ಗಿಡದ ಹತ್ರ ಇಡಿ, ಅಂಗಳದ ಲೈಟ್ ಆರಿಸಿ. ಅತ್ತೆಯವರನ್ನೂ ಕರೆದು ತೋರಿಸಿ.